ದೀಪ ಉರಿಯಿತು, ಬ್ರೇಕ್ ಹಿಡಿಯಲಿಲ್ಲ

ಮಂಗಳವಾರ, ೧೪ನೇ ತಾರೀಕು.



ಭಾವ ಓಡಿಸುವ ನೀರಿನ ಟ್ಯಾಂಕರ್‌ಗೆ ಇವತ್ತು ಬ್ರೇಕ್ ಲಾಕ್ ಕೂರಿಸಿದೆ. ಪೆಡಲ್ ತುಳಿದು ಸ್ವಿಚ್ ಒತ್ತಿದರೆ, ಕಾಲು ತೆಗೆದ ಮೇಲೂ ಎಣ್ಣೆಯ ಒತ್ತಡ ಪೈಪಿನಲ್ಲೇ ಉಳಿದು ಗಾಲಿಗಳು ಬಿಗಿಯಾಗಿರಬೇಕು. ಪರೀಕ್ಷಿಸಲು ನಾನು ವೈರಿಂಗ್ ಕೆಲಸ ಮಾಡುವ ಗ್ಯಾರೇಜಿನ ಎದುರಿನ ಇಳಿಜಾರಿಗೆ ಒಯ್ದೆವು. ನಾನು ಸೀಟಿನಲ್ಲಿ ಕೂತು, ಪೆಡಲ್ ತುಳಿದು ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ಭಾವ ಗಾಡಿಯ ಮುಂದೆಯೇ ಹೋಗಿ ನಿಂತಿದ್ದರು.

"ಪಕ್ಕಕ್ಕೆ ಬನ್ನಿ ಭಾವ!"

"ನೀನು ಹಾಕಿರೋ ವೈರು ಕಣಮ್ಮ, ನಂಗೇನು ಭಯ? ಕಾಲು ತೆಗಿ."

ದೀಪವನ್ನು ನಂಬಿ ಕಾಲು ತೆಗೆದೆ. ಗಾಡಿ ಜರುಗಿತು. ಎರಡೂ ಕಾಲಲ್ಲಿ ಪೆಡಲ್ ತುಳಿದೆ. ಬಂಪರ್ ಅವರ ಅಂಗಿಗೆ ತಾಗಿ ನಿಂತಿತು.

ತಪ್ಪು ನನ್ನದೇ. ಲಾಕಿನ ಅರ್ಥ್ ವೈರನ್ನು ಗಾಡಿಯ ಕಬ್ಬಿಣದ ಮೇಲಿನ ಬಣ್ಣ ಕೆರೆಯದೆ ಬಿಗಿದಿದ್ದೆ, ಲಾಕಿಗೆ ಕರೆಂಟೇ ಹರಿದಿರಲಿಲ್ಲ. ದೀಪಕ್ಕೆ ಮಾತ್ರ, ಹತ್ತಿರವೆಂದು, ಸ್ವಿಚ್ಚಿನಿಂದಲೇ ವೈರ್ ಎಳೆದಿದ್ದೆ. ಬ್ರೇಕ್ ಹಿಡಿದರೂ ಬಿಟ್ಟರೂ ಅದು ಉರಿಯುತ್ತಿತ್ತು.

"ನಿಮ್ಮಕ್ಕಂಗೆ ಹೇಳ್ಬೇಡ, ನನ್ನೇ ಬೈತಾಳೆ" ಎಂದು ಭಾವ ನಕ್ಕರು. ಮುಖ ಬಿಳುಚಿಕೊಂಡಿತ್ತು.

ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹಾಕಿದೆ. ಅದೇ ಇಳಿಜಾರಿನಲ್ಲಿ ಗಾಡಿ ಒಂದು ಗಂಟೆ ಕದಲದೆ ನಿಂತಿತು. "ಭೇಷ್" ಎಂದರು ಭಾವ. ಆಮೇಲೆ ಗಾಡಿ ಹತ್ತಲು ಹೊರಟವರು ಮುಂದಿನಿಂದ ದಾಟಲಿಲ್ಲ, ಹಿಂದಿನಿಂದ ಸುತ್ತಿಕೊಂಡು ಹೋದರು.

ಹಾಗೆ ಹೋದದ್ದೇ ಸರಿ. ಆದರೂ "ನಂಗೇನು ಭಯ" ಎಂದು ಮುಂದೆ ನಿಂತಿದ್ದವರು ಹಾಗೆ ಸುತ್ತಿ ಹೋದದ್ದು ನನ್ನನ್ನು ಚುಚ್ಚಿತು.