ಅವ್ವನ ಕೋಲಿನ ಸೀಳು

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಅವ್ವಾ, ಶರಣು.

ಸೊಂಟದ ನೋವು ಹೇಗಿದೆ? ಮೊಣಕಾಲಿನ ಬಾವು ಇಳಿಯಿತೇ? ಫೋನಿನಲ್ಲಿ ನನ್ನ ಮಾತು ನಿನಗೆ ಕೇಳಿಸುವುದಿಲ್ಲ, ಒದರಿದರೆ ಬೈದೆನೆಂದು ತಿಳಿಯುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಬಿದ್ದ ಮೇಲೆ ಸಿಟ್ಟಾಗಿ ಅಮ್ಮಿನಬಾವಿಗೆ ಮಗಳ ಮನೆಗೆ ಹೋದವಳು ಹಾಸಿಗೆ ಬಿಟ್ಟು ಏಳುತ್ತಲೇ ಇಲ್ಲ ಎಂದು ತಂಗಿ ನಾಗರತ್ನಾ ಹೇಳಿದಳು. ಎಲುಬಿಗೇನೂ ಆಗಿಲ್ಲ, ಹೀಗೇ ಮಲಗಿದರೆ ಮಾತ್ರ ಕಾಲು ಕೈಕೊಡುತ್ತವೆ ಎಂದು ಡಾಕ್ಟರು ಹೇಳಿದ್ದು ಮರೆತೆಯಾ? ಬಂದವರ ಮುಂದೆಲ್ಲ 'ಮಗಾ ಮಾಡಿದ ಕೋಲು ನನ್ನ ಕೆಡವಿತು' ಅನ್ನುತ್ತೀಯಂತೆ. ಅನ್ನು. ಸುಳ್ಳೇನಲ್ಲ. ಆದರೆ ಯಾಕೆ ಕೆಡವಿತು ಎಂದು ತಿಳಿಯದೆ ನನ್ನ ತಲೆ ಕೆಟ್ಟುಹೋಗಿದೆ.

ತೂತಿಗೆ ಗುಂಡಿ ಸಿಕ್ಕಿಸಿ ಉದ್ದ ಗಿಡ್ಡ ಮಾಡುವ ಅಂಗಡಿಯ ಕೋಲು ನಿನಗೆ ಒಗ್ಗಲಿಲ್ಲ. 'ಒಂದು ತೂತಿಗೆ ಗಿಡ್ಡ ಆಗತೈತಿ, ಮುಂದಿನ ತೂತಿಗೆ ಉದ್ದ ಆಗತೈತಿ' ಎಂದು ಮೂಲೆಗಿಟ್ಟೆ. ಬೆಳಿಗ್ಗೆ ಬಾಗಿ ನಡೆಯುವವಳು, ಮಧ್ಯಾಹ್ನಕ್ಕೆ ನೆಟ್ಟಗಾಗುವವಳು ನೀನು. ಅದಕ್ಕೆಂದೇ ಎಷ್ಟುದ್ದ ಬೇಕೋ ಅಷ್ಟಕ್ಕೆ ನಿಲ್ಲುವಂತೆ ಪೈಪಿನೊಳಗೆ ಪೈಪು ಕೂಡಿಸಿದೆ. ಹೊರಗಿನ ಪೈಪಿನ ಬಾಯಿಯನ್ನು ಉದ್ದಕ್ಕೆ ಸೀಳಿ, ಮೇಲೊಂದು ಕಬ್ಬಿಣದ ಬಳೆ ತೊಡಿಸಿ ಬೋಲ್ಟು ಬಿಗಿದರೆ ಸೀಳು ಕೂಡಿಕೊಂಡು ಒಳಗಿನ ಪೈಪನ್ನು ಹಿಡಿಯುತ್ತದೆ. ಶ್ರಾವಣದಿಂದ ಹಿಡಿದೇ ಇತ್ತು. ಅದನ್ನು ಗಿಡ್ಡ ಮಾಡಿ ಚೀಲಕ್ಕೆ ಹಾಕಿಕೊಂಡು, ಬೀಗರ ಬಾಗಿಲಲ್ಲಿ ಕೋಲೇ ಬೇಡದವಳಂತೆ ಇಳಿಯುತ್ತಿದ್ದೆಯಲ್ಲ, ಮಹಾತಾಯಿ! ನೀನು ಬಿದ್ದ ದಿನ ಮಾತ್ರ ಜಾರಿತು.

ಈಗ ಅದನ್ನೇ ವರ್ಕ್‌ಶಾಪಿಗೆ ಒಯ್ದು ಒದ್ದಾಡುತ್ತಿದ್ದೇನೆ. ಬೋಲ್ಟು ಬದಲಿಸಿದೆ, ಜಾರಿತು. ಸೀಳು ಗಿಡ್ಡವಾಯಿತೇನೋ ಎಂದು ಗರಗಸದಿಂದ ಇನ್ನಷ್ಟು ಕೊಯ್ದೆ, ಬಿರುಕು ಮುಂದೆ ಓಡದಂತೆ ಅದರ ಕೊನೆಗೊಂದು ತೂತು ಹಾಕಿದೆ, ಅಂಚಿನ ಮುಳ್ಳೆಲ್ಲ ಅರದಿಂದ ಉಜ್ಜಿ ತೆಗೆದೆ. ಆಗಲೂ ಅಷ್ಟೇ. ಎದುರು ಬದಿಗೆ ಇನ್ನೊಂದು ಸೀಳು ಕೊಯ್ದೆ, ಬಿಗಿದು ಬಿಗಿದು ಕೊನೆಗೆ ಬೋಲ್ಟೇ ಕಿತ್ತು ಬಂತು. ಸಿಟ್ಟಿಗೆ ಬೋಲ್ಟು ತಿರುಗಿಸುವ ಪಾನಾ ಬೀಸಿ ಒಗೆದರೆ ಅದು ಪಕ್ಕದ ಲೇಥಿನ ಗುಲಾಬಸಾಬರ ಚಹಾದ ಕಪ್ಪಿಗೆ ಬಡಿಯಿತು. ಅವರು ಬೈಯಲಿಲ್ಲ, 'ಸೀಳು ಛಲೋನ ಐತಿ, ಪೈಪ್ ಖರಾಬ್ ಇರಬೇಕು' ಎಂದರು. ತಪ್ಪನ್ನು ಪೈಪಿನ ಮೇಲೆ ಹಾಕಿದರೆ 'ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ' ಎನ್ನುವವಳು ನೀನು. ಹೊಸ ಕೋಲೊಂದನ್ನು ಮಾಡಿಟ್ಟಿದ್ದೇನೆ, ಅದು ನಿಲ್ಲುತ್ತದೆ. ಆದರೆ ಹಳೆಯದು ಯಾಕೆ ಜಾರಿತೆಂದು ತಿಳಿಯದೆ ಹೊಸದನ್ನು ನಿನ್ನ ಕೈಗೆ ಹೇಗೆ ಕೊಡಲಿ? ಇನ್ನೊಮ್ಮೆ ಬಿದ್ದರೆ ಎಲುಬು ಉಳಿದೀತೇ? ನನಗೆ ಹೆದರಿಕೆಯಾಗಿದೆ ಅವ್ವಾ. ಅಲ್ಲಿಯವರೆಗೆ ನಾಗರತ್ನಾಳ ಹೆಗಲು ಹಿಡಿದಾದರೂ ಪಡಸಾಲೆಯಲ್ಲಿ ಓಡಾಡು.

ಮನೆಮಂದಿಗೆಲ್ಲ ನನ್ನ ಶರಣು ತಿಳಿಸು. ನಿನ್ನ ಸೊಸೆ ಸೌಮ್ಯಾ ಕಾಲಿಗೆರಗಿದ್ದಾಳೆ. ಆಶೀರ್ವಾದ ಮಾಡು, ಬೈಯುವುದಿದ್ದರೆ ಬೈದೇ ಮಾಡು.

ನಿನ್ನ ಮಗ,
ಶಿವಯೋಗೀಶ

ತಾ.ಕ.: ಇದನ್ನು ನೀನೊಬ್ಬಳೇ ಓದು. ಲಕೋಟೆ ಅಂಟಿಸುವಷ್ಟರಲ್ಲಿ ಸೌಮ್ಯಾ, ನಾನು ಮನೆಗೆ ತಂದಿಟ್ಟಿದ್ದ ಹಳೆಯ ಕೋಲಿನ ಒಳಪೈಪನ್ನು ಎಳೆದು ಮೂಸಿ, 'ಇದು ನಿಮ್ಮ ಮಷೀನಿನ ಎಣ್ಣಿ ಅಲ್ಲರಿ, ಕೊಬ್ಬರಿ ಎಣ್ಣಿ' ಎಂದಳು. ನನ್ನ ಕೈ ಸದಾ ಎಣ್ಣೆಯದು, ತಿಳಿಯಲೇ ಇಲ್ಲ. ಬಳೆಯ ಸಂದಿಯಲ್ಲಿ ವಿಭೂತಿ, ಕುಂಕುಮವೂ ಮೆತ್ತಿತ್ತು. ಮಹಾನವಮಿಯ ಖಂಡೇಪೂಜೆಗೆ ನನ್ನ ಹತ್ಯಾರಗಳ ಸಾಲಿನಲ್ಲಿ ಕೋಲನ್ನೂ ಇಟ್ಟು ಎಣ್ಣೆ ಸವರಿದ್ದೀ, ಹೌದಲ್ಲ? ಎಣ್ಣೆ ಕುಡಿದ ಪೈಪನ್ನು ಯಾವ ಸೀಳು ಹಿಡಿದೀತು! ಸೋಪು ಹಚ್ಚಿ ತೊಳೆದು, ಹೊಸ ಬೋಲ್ಟು ಬಿಗಿದು, ನನ್ನ ಭಾರವನ್ನೆಲ್ಲ ಹಾಕಿ ನಿಂತೆ. ಕದಲಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ನಾನು ಮಾಡಿದ್ದಕ್ಕೆ ಪೂಜೆ ಮಾಡಿದವಳು ನೀನೊಬ್ಬಳೇ. ನಾಗರತ್ನಾಳಿಗೆ ಹೇಳುವುದಿಲ್ಲ, ಮಗನ ಕೋಲೇ ಕೆಡವಿತೆಂದು ನೀನು ಹೇಳುತ್ತಲೇ ಇರು. ರವಿವಾರ ಹೊಸ ಕೋಲು ತರುತ್ತೇನೆ. ದೀಪಾವಳಿಗೆ ಮನೆಗೆ ನಡೆ.