ಬೀ ತೀಮೆ ಕರಿದ ಮಹಮ್ರಿ

ಕಿಸೌನಿ, ಮೊಂಬಾಸಾ
೩ ಜನವರಿ ೧೯೯೪

ಪ್ರೀತಿಯ ಮಗಳೇ ಮಿಶೀ,

ಅಮ್ಮನ ಸಲಾಂ. ಮಸ್ಕತ್ತಿನಲ್ಲಿ ಈಗ ಚಳಿಯಂತೆ, ನಿನ್ನ ಬೆನ್ನುನೋವು ಹೇಗಿದೆ? ನೀನು ಕೆಲಸಕ್ಕಿರುವ ಮನೆಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ನಾನೀಗ ಬರೆಯುವ ಕಥೆಯನ್ನು ಮೊದಲು ಹೇಳಿದವನು ಮೀನು ಮಾರುವ ಶೆಬ್ವಾನ, ಹೋದ ಶುಕ್ರವಾರ, ನಮ್ಮ ಜಗಲಿಯ ಮೇಲೆ, ಕೇರಿಯ ಹೆಂಗಸರೆಲ್ಲರ ಎದುರಿಗೇ. ನಿನ್ನ ಅಣ್ಣ ಕೊಂಬೊ ಪ್ರವಾಸಿಗರಿಗೆ ಕೋಟೆ ತೋರಿಸುವವನಲ್ಲವೇ? ಬಂದ ಮೂವರು, 'ಕೋಟೆಯೂ ಸಾಕು, ಕಡಲ ದಂಡೆಯ ಹೋಟೆಲೂ ಸಾಕು, ನೀವು ಉಣ್ಣುವ ಕಡೆ ಕರೆದುಕೊಂಡು ಹೋಗು' ಎಂದರಂತೆ. ಇವನು ಅವರನ್ನು ಸೇತುವೆ ದಾಟಿಸಿ ನಮ್ಮ ಕೇರಿಗೇ ತಂದ. ತಂದವನು ನನ್ನ ಬಾಗಿಲು ಬಿಟ್ಟು, ಗೋಡೆಯಾಚೆ ಬೀ ತೀಮೆಯ ಅಂಗಳದಲ್ಲಿ ಚಾಪೆ ಹಾಸಿಸಿದ! ನಾನು ಅವತ್ತು ಲಿಕೋನಿಯಲ್ಲಿ ಒಂದು ಮದುವೆಗೆ ಹೋಗಿದ್ದೆನೆಂದು ಅವನ ನೆಪ. 'ಇದ್ದಿದ್ರೆ ಇಲ್ಲಿಗೆ ತರ್ತಿದ್ಯಾ?' ಎಂದು ಆಮೇಲೆ ಅವನನ್ನೇ ಕೇಳಿದೆ. ಚಪ್ಪಲಿ ಹುಡುಕತೊಡಗಿದ.

ಅವತ್ತು ಜಗಲಿಯ ಮೇಲೆ ಶೆಬ್ವಾನ, 'ಒಬ್ಬೊಬ್ರೂ ಏಳೇಳು ಉಬ್ಬಿದ ಮಹಮ್ರಿ ತಿಂದ್ರು ಕಣ್ರೀ! ನೆಂಚಿಕೊಳ್ಳೋ ಬಟ್ಟಲಲ್ಲಿ ಒಂದು ತೊಗರಿಕಾಳೂ ಬಿಡ್ಲಿಲ್ಲ. ಕೊಂಬೊ ಏನಂದ ಗೊತ್ತಾ? ನಮ್ಮಮ್ಮನ ಕೈರುಚಿ ಹೀಗೇ ಇತ್ತು ಅಂದ' ಎಂದ. ಇತ್ತು! ಸತ್ತವಳ ಸುದ್ದಿ ಹೇಳುವ ಹಾಗೆ. ಹೆಂಗಸರು ಲೆಸೊ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನೂ ನಕ್ಕೆ, ಒಳಗೆ ಮಾತ್ರ ಬಾಣಲೆ ಕಾಯುತ್ತಿತ್ತು.

'ತೀಮೆ ಹಿಟ್ಟಿಗೆ ಹಾಕೋದು ಅಂಗಡಿಯ ತೆಂಗಿನ ಪುಡಿ' ಎಂದುಬಿಟ್ಟೆ. ಸುಳ್ಳು, ಮಗಳೇ. ಅವಳು ಕಾಯಿ ತುರಿಯುವ ಸದ್ದು ದಿನಾ ಗೋಡೆ ದಾಟಿ ಬರುತ್ತದೆ. 'ಹಾಗಾದ್ರೆ ನೀವೇ ಕರಿದು ತೋರ್ಸಿ, ಕೊಂಬೊನ ಅಮ್ಮಾ' ಎಂದ ಶೆಬ್ವಾನ. 'ರಂಜಾನ್ ಹಬ್ಬಕ್ಕೆ ಬನ್ನಿ, ಎಲ್ರೂ ಬನ್ನಿ!' ಎಂದೆ. ನಾಲಿಗೆಗೆ ಮೂಳೆ ಇಲ್ಲವಲ್ಲ.

ಕಥೆ ಕೇಳಿದ ಹೆಂಗಸರು ಮಾರನೆಯ ಬೆಳಿಗ್ಗೆ ಏನು ಮಾಡಿದರು ಗೊತ್ತೇ? ತಟ್ಟೆ ಹಿಡಿದು ತೀಮೆಯ ಬಾಗಿಲಲ್ಲಿ ಸಾಲಾಗಿ ನಿಂತರು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಮ್ವನಾಕೊಂಬೊ

ಮರೆತೆ: ಆ ಸಾಲಿನಲ್ಲಿ ನಾನೂ ನಿಂತಿದ್ದೆ, ಲೆಸೊ ಮೂಗಿನವರೆಗೆ ಎಳೆದುಕೊಂಡು. ತೀಮೆ ನನ್ನ ತಟ್ಟೆಗೆ ಎರಡು ಹೆಚ್ಚಿಗೆ ಹಾಕಿದಳು. ಕಚ್ಚಿದೊಡನೆ ತಿಳಿಯಿತು, ಅದು ನಿನ್ನ ಕೈರುಚಿ. ಇಷ್ಟು ವರ್ಷ ಹಿಟ್ಟು ನಾದಿದವಳು ನೀನು, ಹೊಗಳಿಸಿಕೊಂಡವಳು ನಾನು. ಕೊಂಬೊಗೂ ಇದು ಗೊತ್ತಿಲ್ಲ. ಮಸ್ಕತ್ತಿಗೆ ಹೋಗುವ ಮುಂಚೆ ನೀನು ತೀಮೆಗೆ ಹೇಳಿಕೊಟ್ಟೆ, ನನಗೆ ಹೇಳಿಕೊಡಲಿಲ್ಲ. ಅವಳು ಕೇಳಿದ್ದಳೇನೋ. ನಾನು ಯಾವತ್ತೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ ಮಿಶೀ, ಹಬ್ಬಕ್ಕೆ ಮುಂಚೆ ಬರೆದು ಕಳಿಸು.