ರವಿವಾರ ನಿಲ್ಲುತ್ತಿದ್ದ ಗಡಿಯಾರ

ಪೀಣ್ಯ ಎರಡನೇ ಹಂತ
ಸೋಮವಾರ, 9 ಫೆಬ್ರುವರಿ 2026

ಜಿಗಣಿ ನಿವಾಸಿನಿಯೂ ನನ್ನ ಬಾಲ್ಯದ ಸಕಲ ಏಟುಗಳ ದಾತೆಯೂ ಆದ ನಿವೇದಿತಾ ಅಕ್ಕನ ಪಾದಗಳಿಗೆ,

ನಾವೆಲ್ಲ ಕ್ಷೇಮ. ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮೆಯಿರಲಿ. ಗಡಿಯಾರ ಮಾಡುವವನಿಗೆ ಸಮಯವೇ ಸಿಗುವುದಿಲ್ಲ.

ಹೌದು, ನಿನ್ನ ತಮ್ಮ ಮರದ ಗಡಿಯಾರ ಮಾಡಿದ್ದಾನೆ. ಕಾರ್ಖಾನೆಯವರು ಎಸೆದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆಯಿಂದ ಹಲ್ಲಿನ ಚಕ್ರಗಳು. ತೂಕಕ್ಕೆ ಮರಳು ತುಂಬಿದ ನೀರಿನ ಬಾಟಲಿ. ಅದು ಇಳಿದಂತೆ ಚಕ್ರ ತಿರುಗುತ್ತದೆ, ನೆಲ ಮುಟ್ಟುವ ಮುಂಚೆ ಹಗ್ಗ ಸುತ್ತಿ ಮೇಲೇರಿಸಬೇಕು. ಅವ್ವನ ಲಟ್ಟಣಿಗೆ ಚಕ್ರದ ಅಚ್ಚಾಗಿ ವೀರಮರಣವನ್ನಪ್ಪಿತು. ಆಕೆಗಿನ್ನೂ ಸುದ್ದಿ ಮುಟ್ಟಿಲ್ಲ.

ಗಡಿಯಾರ ವಾರವೆಲ್ಲ ಓಡಿತು. ರವಿವಾರ ನಿಂತಿತು. ಮರುವಾರವೂ ಅದೇ ಕತೆ. ಎಷ್ಟು ಸಲ ಲೋಲಕ ತಳ್ಳಿದರೂ ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಿತ್ತು.

ಅಪ್ಪ ನಕ್ಕ. "ಏನಲೇ ಬಸಲಿಂಗ, ನಿನ್ನ ಗಡಿಯಾರಕ್ಕೂ ವಾರದ ರಜಾ ಐತೇನು?"

"ಒಂದು ರವಿವಾರ ಪೂರ್ತಿ ಓಡಿದ್ರ ಏನ್ ಕೊಡ್ತಿ?"

"ಏನ್ ಬೇಕ್ ಕೇಳು."

"ಅಕ್ಕನ್ನ ಮನಿಗೆ ಕರೀಬೇಕು."

ನೀನು ನಿನ್ನಿಷ್ಟದಂತೆ ವಿನಾಯಕ್ ಭಾವನನ್ನು ಮದುವೆಯಾದ ಮೇಲೆ ಈ ಮನೆಯಲ್ಲಿ ಯಾರೂ ಆಡದ ಮಾತದು. ಅಪ್ಪ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ, "ನಿಲ್ಲೂದ ಐತಿ ಅದು. ಆತು, ಕರೀತೀನಿ" ಎಂದ.

ಸೋಮವಾರ ಪಕ್ಕದ ಶೆಡ್ಡಿನಲ್ಲಿ ಮುನಿಯಣ್ಣನ ತಗಡು ಒತ್ತುವ ಪ್ರೆಸ್ ಮಷೀನು ಶುರುವಾಗಿ ನಮ್ಮ ಗೋಡೆ ಅದುರಿದಾಗ ನನಗೆ ಜ್ಞಾನೋದಯವಾಯಿತು. ನನ್ನ ಚಕ್ರಗಳ ಒರಟು ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು. ಹಗಲು ರಾತ್ರಿ ಆ ಅದುರು ಅವನ್ನು ಬಿಡಿಸುತ್ತಿತ್ತು. ರವಿವಾರ ಪ್ರೆಸ್ಸಿಗೆ ರಜೆ, ಗಡಿಯಾರಕ್ಕೂ ರಜೆ.

ಮುನಿಯಣ್ಣನನ್ನು ಕೇಳಿದೆ, "ಅಣ್ಣಾ, ಒಂದ್ ಭಾನುವಾರ ಮಷೀನ್ ಓಡಿಸ್ತೀರಾ?"

"ನಿನ್ ಗಡಿಯಾರಕ್ಕೆ ನಾನ್ ಕರೆಂಟ್ ಬಿಲ್ ಕಟ್ಲಾ? ಹೋಗ್ ಮಗಾ, ಉಜ್ಜು."

ಉಜ್ಜಿದೆ. ಪ್ರತಿ ಹಲ್ಲನ್ನೂ ಉಪ್ಪುಕಾಗದದಿಂದ ತಿಕ್ಕಿ, ಅಚ್ಚುಗಳಿಗೆ ಪೆನ್ಸಿಲ್ ಸೀಸದ ಪುಡಿ ಹಚ್ಚಿದೆ.

ನಿನ್ನೆ ರವಿವಾರ. ಬೀದಿಯೆಲ್ಲ ನಿಶ್ಶಬ್ದ, ಗಡಿಯಾರ ಮಾತ್ರ ಟಕಟಕ. ಅಪ್ಪ ಬೆಳಿಗ್ಗೆಯಿಂದ ಅದರೆದುರು ಪೊಲೀಸನಂತೆ ಕೂತಿದ್ದ. ಸಂಜೆ ಅವ್ವ ನನ್ನನ್ನು ಹಾಲು ತರಲು ಕಳಿಸಿದಳು. ಅಂಗಡಿಯಲ್ಲಿ ನಿಂತಾಗ ನೆನಪಾಯಿತು: ಬಾಟಲಿ ಮೇಲೇರಿಸಿಲ್ಲ. ಓಡಿಬಂದೆ. ಮುಗಿಯಿತು ಅಂದುಕೊಂಡೇ ಒಳಗೆ ಕಾಲಿಟ್ಟೆ.

ಬಾಟಲಿ ಮೇಲಿತ್ತು. ಲೋಲಕ ತೂಗುತ್ತಿತ್ತು. ಅಪ್ಪ ಟಿವಿ ನೋಡುತ್ತಿದ್ದ, ಟಿವಿ ಹಚ್ಚಿರಲಿಲ್ಲ.

"ಏನ್ ನೋಡ್ತಿ?" ಎಂದ. "ನಿಂತ್ರ ನಿನ್ನ ಮಾರಿ ನೋಡಾಕ ಆಗೂದಿಲ್ಲ. ಅದಕ್ಕ ಸುತ್ತಿದೆ."

ಮಲಗುವ ಮುಂಚೆ ಹೇಳಿದ: "ನಿವೇದಿತಾಗ ಕಾಗದ ಬರಿ. ಫೋನ್‌ದಾಗ ನನಗ ಆಗೂದಿಲ್ಲ. ಬರೂ ರವಿವಾರ ಇಬ್ರೂ ಊಟಕ್ಕ ಬರ್ಲಿ."

ಆದ್ದರಿಂದ ಬರತಕ್ಕದ್ದು. ಕಿರಿಯನಾದರೂ ಗಡಿಯಾರ ಕಟ್ಟಿದವನೆಂಬ ಅಧಿಕಾರದಿಂದ ನಿಮ್ಮಿಬ್ಬರನ್ನೂ ಹರಸುತ್ತೇನೆ: ಸುಖವಾಗಿರಿ, ಬರುವಾಗ ಒಂದು ಲಟ್ಟಣಿಗೆ ತನ್ನಿ.

ಇಂತಿ ನಿನ್ನ ತಮ್ಮ,
ಬಸಲಿಂಗ ಚನ್ನವೀರಪ್ಪ
ಪೀಣ್ಯ ಮರಗಡಿಯಾರ ಮಹಾಸಂಸ್ಥಾನದ ಏಕೈಕ ನೌಕರ

ತಾ.ಕ.: ಅಪ್ಪ "ನಿವೇದಿತಾಗ ಕಾಗದ ಬರಿ" ಎಂದು ನಿನ್ನ ಹೆಸರೆತ್ತಿದ ಕೂಡಲೇ ಅವ್ವ ಅಡುಗೆಮನೆಗೆ ಹೋಗಿ ಮಿಕ್ಸಿ ಹಚ್ಚಿದಳು. ಬಹಳ ಹೊತ್ತು ಓಡಿತು. ಇಣುಕಿ ನೋಡಿದೆ ಅಕ್ಕಾ, ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಜಾರಿನಲ್ಲಿ ಏನೂ ಇರಲಿಲ್ಲ.